ಅಂಗಿ ಕೊಡವಿದಾಗೆಲ್ಲ ಏಳುವ ನಾಯಿ

ಗುಂಡಿಯಮ್ಮನಿಗೆ ಮಾತು ಕಮ್ಮಿ. ದರ್ಜಿಗಳು ಹೊಲಿದ ಅಂಗಿಗಳಿಗೆ ಕಾಜಾ ಹಾಕಿ ಗುಂಡಿ ಕೂರಿಸುವುದು ಅವಳ ಕೆಲಸ. ಬೆಳಗಿನಿಂದ ಸಂಜೆಯ ತನಕ ತುಟಿಗಳ ನಡುವೆ ದಾರದ ತುದಿಯೋ ಒಂದು ಗುಂಡಿಯೋ ಇದ್ದೇ ಇರುತ್ತಿತ್ತು. ಬಾಯಿ ಮುಚ್ಚಿಕೊಂಡಿರಲು ಅದೊಂದು ಒಳ್ಳೆಯ ನೆಪ. ಅಮ್ಮ ತೀರಿಹೋದ ಮೇಲೆ ಆ ನೆಪವೂ ಬೇಕಾಗಲಿಲ್ಲ. ದರ್ಜಿ ಅಂಗಿಗಳ ಮೂಟೆಯನ್ನು ಹೊಸ್ತಿಲ ಮೇಲಿಟ್ಟು, ಒಳಗೆ ಇಣುಕದೆ ಹೋಗುತ್ತಿದ್ದ.

ಕೂತಲ್ಲೇ ಕೂತು ಅವಳ ಕಾಲು ಬಾತುಕೊಂಡವು. ರಕ್ತದೊತ್ತಡ ಏರಿತು. ನಿದ್ದೆಯಂತೂ ಹತ್ತಿರ ಸುಳಿಯುತ್ತಿರಲಿಲ್ಲ.

"ಮಾತ್ರೆ ಒಂದೇ ಸಾಲದು, ದಿನಾ ನಡೀಬೇಕಮ್ಮ," ಎಂದರು ಡಾಕ್ಟರಮ್ಮ.

"ಎಲ್ಲಿಗೆ?"

ಡಾಕ್ಟರಮ್ಮ ನಕ್ಕುಬಿಟ್ಟರು. ಗುಂಡಿಯಮ್ಮ ತಮಾಷೆಗೆ ಕೇಳಿರಲಿಲ್ಲ.

ಅದೇ ಹೊತ್ತಿಗೆ ಮುಂದಿನ ಬೀದಿಯಲ್ಲಿ ಕ್ಷೌರ ಮಾಡುವ ಕಟಿಂಗ್ ಅಂಗಡಿಯವನು ಒದ್ದೆ ನೆಲದಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡ. ಹೆಂಡತಿ ಇಲ್ಲದ ಮನುಷ್ಯ. ಆಪರೇಷನ್ ಆದ ಮೇಲೆ ಬೇರೆ ಊರಿನ ಮಗಳ ಮನೆಗೆ ಹೋಗಬೇಕಾಯಿತು. ಮಗಳ ಮನೆಯವರಿಗೆ ನಾಯಿ ಆಗದು. ಹೊರಟ ದಿನ ಅವನಿದ್ದ ಕಾರು ಗುಂಡಿಯಮ್ಮನ ಬಾಗಿಲಲ್ಲಿ ನಿಂತಿತು.

"ನಮ್ಮ ನಾಯಿ ನೊರೆನ ಸ್ವಲ್ಪ ದಿನ ನೋಡ್ಕೋ ತಂಗಿ," ಎಂದ ಅವನು ಹಿಂದಿನ ಸೀಟಿನಿಂದಲೇ. "ಬೀದಿ ತುಂಬಾ ಯೋಚನೆ ಮಾಡ್ದೆ. ಆಗಲ್ಲ ಅಂತ ಹೇಳೋಕೆ ಬಾಯಿ ಬರದೇ ಇರೋಳು ನೀನೊಬ್ಬಳೇ."

ಮಾತು ನಿಜವೇ. ಅವಳು ಹಗ್ಗ ಹಿಡಿದುಕೊಂಡಳು.

ನಾಯಿಗೆ ವಯಸ್ಸಾಗಿತ್ತು. ಮೈ ಕಪ್ಪು, ಮೂತಿ ಮಾತ್ರ ಗಡ್ಡಕ್ಕೆ ಸಾಬೂನು ಹಚ್ಚಿದ ಹಾಗೆ ಬಿಳಿ. ಹೊಲಿಗೆ ಮೆಷಿನ್ ಕೆಳಗೆ ಹೋಗಿ ಮಲಗಿತು. ಅವಳು ಒಂದು ಅಂಗಿ ಮುಗಿಸಿ, ಅಂಟಿದ ದಾರ ಉದುರಲೆಂದು ಎರಡೂ ಕೈಯಲ್ಲಿ ಹಿಡಿದು ಪಟಾರನೆ ಕೊಡವಿದಳು. ನಾಯಿ ಎದ್ದು ಬಾಗಿಲಿಗೆ ಹೋಗಿ ನಿಂತು, ತಿರುಗಿ ಅವಳನ್ನೇ ನೋಡಿತು.

ಯಜಮಾನನ ಹತ್ತಿರ ಹೋಗಬೇಕಂತೆ ಪಾಪ, ಎಂದುಕೊಂಡಳು. ಹೊರಗೆ ಕರೆದುಕೊಂಡು ಹೋಗಿ, ಕಟಿಂಗ್ ಅಂಗಡಿಯ ಮುಂದೆ ನಿಲ್ಲಿಸಿ, ಬೀಗ ತೋರಿಸಿದಳು. "ನೋಡು. ಇಲ್ಲ ಅವರು." ದನಿ ಸರಿಯಾಗಿ ಹೊರಡಲಿಲ್ಲ. ಕೆಮ್ಮಿ, ಇನ್ನೊಮ್ಮೆ ಹೇಳಿದಳು.

ಮನೆಗೆ ಬಂದು ಮುಂದಿನ ಅಂಗಿ ಕೊಡವಿದಳು. ನಾಯಿ ಮತ್ತೆ ಬಾಗಿಲಲ್ಲಿ.

ಹೀಗೇ ಶುರುವಾಯಿತು. ಅಂಗಿ ಮುಗಿದಾಗೆಲ್ಲ ಎದ್ದು ನಡೆಯುವುದು, ಬೀಗ ತೋರಿಸುವುದು, ಸಮಾಧಾನ ಹೇಳಿ ಕರೆತರುವುದು. ತರಕಾರಿಯವಳು ತಕ್ಕಡಿ ಕೆಳಗಿಟ್ಟು ಕೇಳಿದಳು: "ಏನ್ ಗುಂಡಿಯಮ್ಮ, ನಾಯಿಗೆ ನೀನು ಬೀದಿ ತೋರಿಸ್ತಿದೀಯೋ, ನಿನಗೇ ಅದು ತೋರಿಸ್ತಿದೆಯೋ?"

"ಅದೇ ತೋರಿಸ್ತಿದೆ ಅಕ್ಕ."

"ಅಯ್ಯೋ! ನಿನ್ನ ದನಿ ಹೀಗಿದೆಯಾ? ಇಷ್ಟು ವರ್ಷ ಬದನೆಕಾಯಿ ಕಡೆ ಬೆರಳು ತೋರಿಸಿ ತೊಗೊಂಡು ಹೋಗ್ತಿದ್ದೆಯಲ್ಲೇ!"

ಕಾಲಿನ ಬಾವು ಇಳಿಯಿತು. ಮೆಷಿನ್ ಕೆಳಗಿನ ಉಸಿರಾಟ ಕೇಳುತ್ತ ನಿದ್ದೆಯೂ ಹತ್ತತೊಡಗಿತು. ಡಾಕ್ಟರಮ್ಮ ಒತ್ತಡ ನೋಡಿ, "ಮಾತ್ರೆ ಚೆನ್ನಾಗಿ ಹಿಡೀತು," ಎಂದರು. ಅವಳು ಹೂಂಗುಟ್ಟಿ ಬಂದಳು.

ಒಂದು ಮಾತ್ರ ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಎಷ್ಟು ಪ್ರೀತಿಯಿಂದ ಅನ್ನ ಹಾಕಿದರೂ, ಬೆನ್ನು ಸವರಿದರೂ, ಇದಕ್ಕೆ ಇಲ್ಲಿ ಇರಲು ಮನಸ್ಸಿಲ್ಲವಲ್ಲ? ಆ ಬೀಗ ಹೀಗೇ ಇರಲಿ ಎಂದು ಒಮ್ಮೆ ಅಂದುಕೊಂಡಳು. ಒಬ್ಬರ ಸೊಂಟ ಮುರಿದಿರುವಾಗ ಇದೆಂಥ ಬುದ್ಧಿ ಎಂದು ತನ್ನನ್ನೇ ಬೈದುಕೊಂಡಳು.

ಕೊನೆಗೊಂದು ದಿನ ಆ ಬೀಗ ತೆರೆಯಿತು. ಕಟಿಂಗ್ ಅಂಗಡಿಯವನು ಕೋಲೂರಿಕೊಂಡು ಬಂದ. ನಾಯಿ ಅವನ ಕಾಲಿಗೆ ಸುತ್ತಿಕೊಂಡು ಕುಂಯ್‌ಗುಟ್ಟಿದ್ದನ್ನು ನೋಡಲಾರದೆ ಅವಳು ಟೀಗೆ ನೀರಿಟ್ಟಳು.

"ತುಂಬಾ ತೊಂದರೆ ಕೊಟ್ನಾ ತಂಗಿ?"

"ತೊಂದರೆ ಇಲ್ಲ ಅಣ್ಣ. ಆದರೆ ನಿಮ್ಮನ್ನ ಮರೀಲೇ ಇಲ್ಲ. ನಾನು ಅಂಗಿ ಕೊಡವಿದಾಗೆಲ್ಲ ಎದ್ದು ಬಾಗಿಲಿಗೆ ಹೋಗ್ತಿತ್ತು."

ಅವನು ಗೊಳ್ಳೆಂದು ನಕ್ಕು, ಸೊಂಟ ಹಿಡಿದುಕೊಂಡ. "ನನ್ನ ನೆನಪೂ ಅಲ್ಲ, ಏನೂ ಅಲ್ಲ. ಕಟಿಂಗ್ ಮುಗಿದ ಮೇಲೆ ಗಿರಾಕಿಗೆ ಹೊದಿಸಿದ ಬಟ್ಟೆ ಕೊಡವ್ತೀನಲ್ಲ? ಆಗ ಇವನು ಎದ್ದು ಗಿರಾಕಿನ ಬಾಗಿಲ ತನಕ ಬಿಟ್ಟು ಬರ್ತಾನೆ. ಅಷ್ಟೇ. ಇಲ್ಲೂ ಯಾರೋ ಹೊರಟರು ಅಂದ್ಕೊಂಡಿರ್ತಾನೆ."

ಗುಂಡಿಯಮ್ಮ ಕೋಣೆಯನ್ನು ನೋಡಿದಳು. ಒಂದೇ ಕುರ್ಚಿ. ಅದರಲ್ಲೀಗ ಅವನು ಕೂತಿದ್ದ. ಅಷ್ಟು ದಿನ ನಾಯಿ ಇಲ್ಲಿಂದ ಯಾರನ್ನು ಕಳುಹಿಸಿಕೊಡುತ್ತಿತ್ತು? ಅದಕ್ಕೆ ಬೇಸರವೇ ಇರಲಿಲ್ಲ ಹಾಗಾದರೆ. ಇದು ಗೊತ್ತಾಗುವ ಹೊತ್ತಿಗೆ ಅದು ಹೊರಟು ನಿಂತಿತ್ತು.

ಅವನನ್ನು ಕೇಳಬೇಕೆಂದಿದ್ದಳು. ಏನೆಂದು? ನಾಯಿ ಅವನದೇ. ಬಾಯಲ್ಲಿ ದಾರವಿಲ್ಲದಿದ್ದರೂ ತುಟಿ ಬಿಚ್ಚಲಿಲ್ಲ. ಹಗ್ಗ ಅವನ ಕೈಗೆ ಹೋಯಿತು.

ಮರುದಿನ ಅಂಗಿಗಳನ್ನು ಕೊಡವಿ ಕೊಡವಿ ರಾಶಿ ಹಾಕಿದಳು. ಯಾರೂ ಏಳಲಿಲ್ಲ. ಅದರ ಮಾರನೆಯ ದಿನವೂ ಅಷ್ಟೇ. ಸಂಜೆ ಚಪ್ಪಲಿ ಮೆಟ್ಟಿ ಹೊರಟರೆ ಮೊದಲು ಸಿಕ್ಕವಳು ತರಕಾರಿಯವಳು.

"ನೊರೆ ಎಲ್ಲೇ?"

"ಅವನ ಮನೆಗೆ ಹೋದ."

"ಮತ್ತೆ ನೀನೆಲ್ಲಿಗೆ?"

"ಕೇಳ್ಕೊಂಡು ಬರೋಕೆ," ಎಂದಳು. ಹೇಳಿಬಿಟ್ಟ ಮೇಲೆ ಹೋಗದೆ ವಿಧಿಯಿರಲಿಲ್ಲ.

ಹೆಂಗಸರು ಕಾಲಿಡದ ಅಂಗಡಿ. ಅವಳು ಬಾಗಿಲಲ್ಲಿ ನಿಂತಾಗ, ಮುಖದ ತುಂಬ ಸಾಬೂನು ಹಚ್ಚಿಸಿಕೊಂಡಿದ್ದವನು ಕನ್ನಡಿಯಲ್ಲೇ ಕಣ್ಣರಳಿಸಿದ. ಪೇಪರ್ ಓದುತ್ತಿದ್ದವರು ಪೇಪರ್ ಇಳಿಸಿದರು. ಅವಳ ಕಿವಿ ಬಿಸಿಯಾದವು.

"ಅಣ್ಣ," ಎಂದಳು. ದನಿ ಬೇಕಾದ್ದಕ್ಕಿಂತ ಜೋರಾಗಿ ಬಂತು. "ನನಗೆ ಅದಿಲ್ಲದೆ ಆಗ್ತಿಲ್ಲ. ಕೊಟ್ಟುಬಿಡ್ತೀರಾ?"

ಕತ್ತಿ ಗಾಳಿಯಲ್ಲೇ ನಿಂತಿತು. "ಕೊಡೋಕಾಗಲ್ಲ ತಂಗಿ," ಎಂದ ಅವನು. "ಮನೇಲಿ ನನಗೂ ಇರೋದು ಅವನೊಬ್ಬನೇ." ಗಿರಾಕಿಯ ಕೆನ್ನೆಯ ಮೇಲೆ ಒಂದೆರಡು ಸಲ ಕತ್ತಿ ಆಡಿಸಿದ. "ನಡೆಸೋಕೆ ಮಾತ್ರ ನನ್ನ ಕೈಲಿ ಆಗ್ತಿಲ್ಲ. ಸಂಜೆ ಹೊತ್ತು ಬಂದು ಕರ್ಕೊಂಡು ಹೋಗ್ತೀಯಾ? ಅಂಗಡಿ ಮುಚ್ಚೋದ್ರೊಳಗೆ ತಂದು ಬಿಡಬೇಕು."

"ದಿನಾ?"

"ದಿನಾ."

ಅವಳು ಹಗ್ಗ ಬಿಚ್ಚಿಕೊಂಡಳು. ತನ್ನ ಮನೆಯ ತಿರುವು ಬಂದಾಗ ನಾಯಿ ನಿಲ್ಲಬಹುದೇನೋ ಎಂದು ಅವಳೇ ನಿಧಾನ ಮಾಡಿದಳು. ಅದು ನಿಲ್ಲಲಿಲ್ಲ, ನೆಲ ಮೂಸುತ್ತ ನೇರ ಹೋಯಿತು. ಆಯಿತು, ಅತ್ತಲೇ ಹೋಗೋಣ ಎಂದು ಅವಳೂ ಹೆಜ್ಜೆ ಹಾಕಿದಳು.