ಆಮೆನ್‌ಗೆ ಮೊದಲು

ಸೂಪಿನ ಬಟ್ಟಲಿಂದ ಆವಿ ಏಳುತ್ತಿದೆ, ಅಮ್ಮನ ಕನ್ನಡಕದ ಒಂದು ಗಾಜು ಮಂಜಾಗಿ ಇನ್ನೊಂದು ಹಾಗೇ ಉಳಿದಿದೆ, ಆಕೆಗೆ ಗೊತ್ತಿಲ್ಲ, ಕಣ್ಣು ಮುಚ್ಚಿದ್ದಾಳೆ, ಎಲ್ಲರೂ ಮುಚ್ಚಿರಬೇಕು, ನಾನು ಬಿಟ್ಟುಕೊಂಡು ಆ ಗಾಜನ್ನೇ ನೋಡುತ್ತಿದ್ದೇನೆ, ಮಸುಕಾದ ಗಾಜು ಕಂಡರೆ ಒರೆಸಬೇಕು ಅನ್ನಿಸುತ್ತದೆ, ಹೊಟ್ಟೆಪಾಡಿನ ಚಾಳಿ — ಶುರು ಮಾಡಪ್ಪ, ಅಂತ ಅಮ್ಮ ಹೇಳಿ ಎಷ್ಟು ಹೊತ್ತಾಯಿತೋ, ಈ ಮನೆಯಲ್ಲಿ ಊಟಕ್ಕೆ ಮುಂಚೆ ಗಂಡಸು ಸ್ತೋತ್ರ ಹೇಳಬೇಕು, ಮೇಜಿನ ಸುತ್ತ ಕೂತವರೆಲ್ಲ ಪಕ್ಕದವರ ಕೈ ಹಿಡಿದುಕೊಳ್ಳಬೇಕು, ಆಮೆನ್ ಆಗುವವರೆಗೆ ಚಮಚ ಮುಟ್ಟುವ ಹಾಗಿಲ್ಲ, ಅಪ್ಪ ಮಾಡಿಟ್ಟ ಕಟ್ಟಳೆ, ಅಪ್ಪ ತೀರಿಕೊಂಡ ಮೇಲೆ ಅದೂ ಈ ಕುರ್ಚಿಯೂ ನನ್ನ ಪಾಲಿಗೆ ಬಂದವು. ಎಡಗೈ ಹೆಂಡತಿಯ ಕೈಯಲ್ಲಿದೆ, ಬೆಚ್ಚಗಿದೆ, ಈರುಳ್ಳಿಯ ವಾಸನೆ. ಬಲಗೈ ಇನ್ನೂ ನನ್ನ ತೊಡೆಯ ಮೇಲೇ ಇದೆ. ಬಲಕ್ಕೆ ನನ್ನ ಜೊತೆ ಕೆಲಸ ಮಾಡುವ ಮೊಂಡ ಕೂತಿದ್ದಾನೆ, ತನ್ನ ಕೈಯನ್ನು ಮೇಜಿನ ಮೇಲೆ ಅಂಗಾತ ಇಟ್ಟು ಕಾಯುತ್ತಿದ್ದಾನೆ, ಬಿಳಿ ಬ್ಯಾಂಡೇಜು, ಅಂಗೈಗೆ ಅಡ್ಡವಾಗಿ ಹಳದಿಗೆ ಒಸರಿದ ಒಂದು ಗೆರೆ, ಹಗ್ಗ ಎಷ್ಟು ದಪ್ಪವಿತ್ತೋ ಅಷ್ಟೇ ದಪ್ಪ. ಆ ಕೈಯನ್ನು ನಾನು ಹಿಡಿಯಬೇಕು. ಹಿಡಿದುಕೊಂಡು ದೇವರಿಗೆ ವಂದನೆ ಹೇಳಬೇಕು.

ಅವನನ್ನು ಊಟಕ್ಕೆ ಕರಿ ಅಂದವಳು ಅಮ್ಮನೇ, ನಿನ್ನ ಜೊತೆ ತೊಟ್ಟಿಲಲ್ಲಿ ಇದ್ದೋನಲ್ವಾ, ಕರ್ತ ಇಬ್ಬರನ್ನೂ ಉಳಿಸಿದಾನೆ, ಭಾನುವಾರ ಪ್ರಾರ್ಥನೆ ಮುಗಿಸ್ಕೊಂಡು ಒಟ್ಟಿಗೆ ಕೂತು ಊಟ ಮಾಡೋಣ, ಅವನು ದೇವರನ್ನ ನಂಬಲ್ಲಮ್ಮ ಅಂದರೆ, ಸೂಪನ್ನ ನಂಬ್ತಾನಲ್ಲ ಸಾಕು ಬಿಡು, ಅಂತ. ತೊಟ್ಟಿಲು ಅಂದರೆ ಎತ್ತರದ ಕಟ್ಟಡದ ತಾರಸಿಯಿಂದ ಹಗ್ಗದಲ್ಲಿ ಇಳಿಬಿಟ್ಟ ತಗಡಿನ ಪೆಟ್ಟಿಗೆ, ಅದರೊಳಗೆ ನಿಂತು ಮೊಂಡ ಮತ್ತು ನಾನು ಹೊರಗಿನಿಂದ ಗಾಜು ತೊಳೆಯುತ್ತೇವೆ, ಒಳಗೆ ಜನ ಕಾಫಿ ಕುಡಿಯುತ್ತ ನಮ್ಮನ್ನು ನೋಡಿಯೂ ನೋಡದ ಹಾಗಿರುತ್ತಾರೆ. ಅಚ್ಚುಕೂಟ ಮುಚ್ಚಿ ಬೈಂಡಿಂಗ್ ಕೆಲಸ ಹೋದ ಮೇಲೆ ಸಿಕ್ಕಿದ್ದು ಇದೊಂದೇ, ತೊಟ್ಟಿಲು ಅಂದಾಗ ಅಮ್ಮ ನಕ್ಕಿದ್ದಳು, ತಲೆ ನರೆತ ಮೇಲೂ ತೂಗಿಸ್ಕೊಳ್ಳೋ ಆಸೆ ನನ್ನ ಮಗನಿಗೆ, ಅಂತ ಚರ್ಚಿನ ಸಭೆಯ ಹೆಂಗಸರಿಗೆಲ್ಲ ಹೇಳಿಕೊಂಡು ಬಂದಿದ್ದಳು, ನಾನೂ ನಕ್ಕಿದ್ದೆ, ಆಗ ನಗುವುದು ಸುಲಭವಿತ್ತು, ಆಗ ಒಂದು ಬದಿಯ ಹಗ್ಗ ಜಾರಿರಲಿಲ್ಲ. ಮೊನ್ನೆ ಜಾರಿತು. ಬೀಳದ ಹಾಗೆ ಸೊಂಟಕ್ಕೆ ಕಟ್ಟಿಕೊಂಡ ಹಗ್ಗದ ಕೊಕ್ಕೆಯನ್ನು ಒಂದು ತಂತಿಯಿಂದ ಬಿಡಿಸಿ ಇನ್ನೊಂದಕ್ಕೆ ಸಿಕ್ಕಿಸುತ್ತಿದ್ದೆ, ಬಿಡಿಸಿದ್ದೆ, ಸಿಕ್ಕಿಸಿರಲಿಲ್ಲ, ಆ ನಡುವೆ, ಉಗುಳು ನುಂಗುವಷ್ಟು ಹೊತ್ತಿನಲ್ಲಿ, ತೊಟ್ಟಿಲ ನನ್ನ ಕಡೆ ತಟಕ್ಕನೆ ಕೆಳಕ್ಕೆ ಬಾಗಿತು, ಬಕೀಟು ನನ್ನ ಕಾಲಿಗೆ ಬಡಿದು ಆಚೆ ಹೋಯಿತು, ಅದು ನೆಲಕ್ಕೆ ಬಿದ್ದ ಸದ್ದು ಬರಲೇ ಇಲ್ಲ, ಕಾದೆ, ಬರಲೇ ಇಲ್ಲ.

ಅಮ್ಮನಿಗೆ ಇಷ್ಟು ಗೊತ್ತು. ಸಭೆಗೂ ಇಷ್ಟೇ ಗೊತ್ತು, ಇವತ್ತು ಬೆಳಗ್ಗೆ ಪಾದ್ರಿಗಳು ಎಲ್ಲರ ಮುಂದೆ ಹೇಳಿದರು, ನಮ್ಮ ಸಹೋದರ ಬೀಳುವಾಗ ಒಂದು ಕೈ ಅವನನ್ನು ಹಿಡಿಯಿತು, ಆ ಕೈ ಯಾರದು ಅಂತ ನಮಗೆ ಗೊತ್ತು, ಎಲ್ಲರೂ ಸ್ತೋತ್ರ ಅಂದರು, ಅಮ್ಮ ಎಲ್ಲರಿಗಿಂತ ಜೋರಾಗಿ ಅಂದಳು. ನನಗೂ ಗೊತ್ತು ಆ ಕೈ ಯಾರದು, ಅದರ ಉಗುರುಗಳಲ್ಲಿ ಸೋಪಿನ ಜಿಡ್ಡು ಇರುತ್ತದೆ, ಎರಡು ಬೆರಳು ಸಿಗರೇಟಿನಿಂದ ಕಂದಾಗಿವೆ, ಕರ್ತನ ದೂತ ಹೀಗಿರುತ್ತಾನಾ, ಗಂಟೆಗೊಂದು ಸಲ ಮೇಸ್ತ್ರಿಯ ವಂಶವನ್ನೆಲ್ಲ ಜಾಲಾಡುತ್ತಾನಾ. ಆದರೆ ಯಾರಿಗೂ ಗೊತ್ತಿಲ್ಲದ್ದು ಒಂದಿದೆ, ಮೊಂಡ ನೋಡಿದ್ದಾನೆ, ನೋಡಿಯೂ ಬಾಯಿ ಬಿಟ್ಟಿಲ್ಲ — ತೊಟ್ಟಿಲು ಬಾಗಿದ ಕೂಡಲೇ ಕೊಕ್ಕೆ ಬಿಟ್ಟು ಎರಡು ಕೈಯಲ್ಲೂ ತೊಟ್ಟಿಲ ಅಂಚಿನ ಕಂಬಿ ಹಿಡಿದಿದ್ದೆ, ಗಟ್ಟಿ ಕಂಬಿ, ಹಿಡಿದುಕೊಂಡೇ ಇದ್ದಿದ್ದರೆ ಏನೂ ಆಗುತ್ತಿರಲಿಲ್ಲ, ನಾನು ಬಿಟ್ಟೆ. ಜಾರಿ ಬಿಡಲಿಲ್ಲ, ಸೋತು ಬಿಡಲಿಲ್ಲ. ಕೈ ಮುಗಿಯುವುದಕ್ಕೆ ಬಿಟ್ಟೆ. ಕರ್ತನೇ ಅಂತ ಬಾಯಿಗೆ ಬಂತು, ಬಾಯಿಗೆ ಬಂದ ಕೂಡಲೇ ಕೈಗಳು ಕಂಬಿ ಬಿಟ್ಟು ಎದೆಯ ಹತ್ತಿರ ಬಂದು ಒಂದಕ್ಕೊಂದು ಕೂಡಿಕೊಂಡವು, ಕಣ್ಣು ಮುಚ್ಚಿಕೊಂಡವು, ಮಾತು ಕಲಿಯುವ ಮೊದಲೇ ಅಮ್ಮ ಕಲಿಸಿದ್ದು, ಕರ್ತನ ಹೆಸರು ಹೇಳುವಾಗ ಕೈ ಜೋಡಿಸು ಕಂದ, ಕಣ್ಣು ಮುಚ್ಚು, ಆಟ ಬೇಡ — ಗಾಳಿಯಲ್ಲಿ ನಿಂತು ಕೈ ಮುಗಿದೆ, ಬುದ್ಧಿ ನೆಟ್ಟಗಿರುವ ಯಾವನು ಹಾಗೆ ಮಾಡುತ್ತಾನೆ, ಕಾಲ ಕೆಳಗಿನ ತಗಡು ಹೊರಟುಹೋಯಿತು. ಸೊಂಟದಿಂದ ಸಡಿಲವಾಗಿ ತೊಟ್ಟಿಲೊಳಗೆ ಬಿದ್ದಿದ್ದ ಹಗ್ಗ ನನ್ನ ಹಿಂದೆಯೇ ಓಡುತ್ತಿತ್ತು, ಅದು ಮುಗಿದರೆ ನಾನೂ ಮುಗಿದೆ, ಮೊಂಡ ಅದನ್ನು ಹಿಡಿದ, ಕೈಗವಸು ಇಲ್ಲದ ಕೈ, ಹಗ್ಗ ಅವನ ಮುಷ್ಟಿಯೊಳಗೆ ಓಡಿತು, ಚರ್ಮ ಸುಲಿದುಕೊಂಡು ಓಡಿತು, ಮುಷ್ಟಿ ಬಿಡಲಿಲ್ಲ.

ಎಳೆದು ಮೇಲೆ ಹಾಕಿಕೊಂಡ ಮೇಲೆ ಇಬ್ಬರೂ ತಗಡಿನ ಮೇಲೆ ಬಿದ್ದುಕೊಂಡಿದ್ದೆವು, ಗಾಜಿನ ಒಳಗೆ ಒಬ್ಬಳು ಹುಡುಗಿ ಬಾಯಿ ತೆರೆದು ನಿಂತಿದ್ದಳು, ಮೊಂಡನ ಹಲ್ಲು ಕಟಕಟ ಅನ್ನುತ್ತಿತ್ತು, ಅವನು ತನ್ನ ಅಂಗೈಯನ್ನು ಯಾರದೋ ವಸ್ತು ಅನ್ನುವ ಹಾಗೆ ತಿರುಗಿಸಿ ನೋಡಿದ, ಆಮೇಲೆ ನನ್ನನ್ನು ನೋಡಿದ, ಲೋ, ಕೈ ಮುಗಿಯೋದಿದ್ರೆ ಕೆಳಗಿಳಿದ ಮೇಲೆ ಮುಗಿಯೋ, ಮೇಲಿರೋವಾಗ ಕಂಬಿ ಹಿಡ್ಕೋ. ಅಷ್ಟೇ. ಮೇಸ್ತ್ರಿ ಕೇಳಿದಾಗ, ಕಾಲು ಜಾರ್ತು ಇವನಿಗೆ, ಅಂದ. ಮೇಸ್ತ್ರಿ ಅಂದ, ಸೋಮವಾರ ಕಟ್ಟಡದ ಇನ್ನೊಂದು ಬದಿ, ಬರೋಕಾಗಲ್ಲ ಅಂದ್ರೆ ಈಗಲೇ ಹೇಳು, ಗೇಟ್ ಹತ್ರ ಕೆಲಸ ಕೇಳ್ಕೊಂಡು ಎಷ್ಟು ಜನ ನಿಂತಿದಾರೆ ನೋಡಿದೀಯಲ್ಲ. ನೋಡಿದ್ದೇನೆ. ಬರ್ತೀನಿ ಅಂದೆ. ನಾಳೆ ಸೋಮವಾರ, ಮೊಂಡ ಈ ಕೈಯಲ್ಲಿ ಬರಲಾರ, ನನ್ನ ಪಕ್ಕ ಯಾರೋ ಹೊಸಬ ನಿಂತಿರುತ್ತಾನೆ, ತೊಟ್ಟಿಲು ಮತ್ತೆ ಬಾಗಿದರೆ, ಬಾಗಲೇಬೇಕೆಂದಿಲ್ಲ, ಆದರೆ ಬಾಗಿದರೆ, ಈ ಕೈಗಳು ಏನು ಮಾಡುತ್ತವೆ, ನನ್ನ ಮಾತು ಕೇಳುವ ಕೈಗಳೇ ಅಲ್ಲ ಇವು, ಇವಕ್ಕೆ ಹೆದರುತ್ತೇನೆ, ಎತ್ತರಕ್ಕಲ್ಲ, ಹಗ್ಗಕ್ಕಲ್ಲ, ನನ್ನ ತೊಡೆಯ ಮೇಲಿರುವ ಈ ಕೈಗೆ.

ಮೊನ್ನೆಯಿಂದ ಕಣ್ಣು ಮುಚ್ಚಿಲ್ಲ. ಮುಚ್ಚಿದರೆ ನೆಲ ಬಾಗುತ್ತದೆ. ಸ್ನಾನದಲ್ಲಿ ಕಣ್ಣು ಬಿಟ್ಟುಕೊಂಡೇ ತಲೆಗೆ ಸೋಪು ಹಾಕಿದೆ, ಉರಿ ಹತ್ತಿ ಕೆಂಪಗಾದವು, ಅಮ್ಮ ನೋಡಿ ಗದ್ಗದಿತಳಾದಳು, ಅಳು ಮಗನೇ, ಕರ್ತನ ಮುಂದೆ ಅಳೋದು ಅವಮಾನ ಅಲ್ಲ. ಸೋಪು ಅಮ್ಮ ಅಂತ ಹೇಳಬೇಕಿತ್ತು. ಹಾಸಿಗೆಯಲ್ಲಿ ಹೆಂಡತಿಯ ಬೆನ್ನು ನೋಡುತ್ತ ಮಲಗುತ್ತೇನೆ, ಅದು ಏರಿ ಇಳಿಯುವುದನ್ನು ನೋಡುತ್ತ ನೋಡುತ್ತ ಎಲ್ಲೋ ನಿದ್ದೆ ಹಿಡಿದರೆ ಒದ್ದುಕೊಂಡು ಏಳುತ್ತೇನೆ, ಏನ್ರೀ, ಏನಿಲ್ಲ, ಕನಸಾ, ಹೂಂ ಕನಸು. ಅಪ್ಪನಾಗಿದ್ದರೆ ಹೀಗೆ ಒದ್ದಾಡುತ್ತಿದ್ದನಾ, ನನ್ನ ತಂಗಿಯನ್ನು ಮಣ್ಣು ಮಾಡಿ ಬಂದ ದಿನವೂ ಇದೇ ಕುರ್ಚಿಯಲ್ಲಿ ಕೂತು ತಟ್ಟೆಗಳು ಅದುರುವ ಹಾಗೆ ಸ್ತೋತ್ರ ಹೇಳಿದವನು, ಕೊಟ್ಟದ್ದಕ್ಕೆ ಸ್ತೋತ್ರ, ತಗೊಂಡದ್ದಕ್ಕೂ ಸ್ತೋತ್ರ, ನಾನು ಒಣ ಬ್ರೆಡ್ಡಿನ ಚೂರು ನೋಡುತ್ತ ಇವನಿಗೆ ಎದೆಯೇ ಇಲ್ಲವಾ ಅಂದುಕೊಂಡಿದ್ದೆ. ಆಮೇಲೆ ಹೊರಗೆ ಕರೆದು ಹೆಗಲ ಮೇಲೆ ಕೈ ಇಟ್ಟು, ನೋಡು, ಗಂಡಸಾದೋನ ದನಿ ನಡುಗಬಾರದು, ಒಳಗೆ ಅವರೆಲ್ಲ ನಿನ್ನ ದನಿ ಹಿಡ್ಕೊಂಡು ಕೂತಿರ್ತಾರೆ, ಅಂದಿದ್ದ. ಹಿಡಿದುಕೊಂಡು ಕೂತಿದ್ದಾರಪ್ಪ, ಈಗಲೂ, ಸೂಪು ಆರುತ್ತಿದೆ, ದನಿಯೇ ಇಲ್ಲ.

ಏನಂತ ಹೇಳಲಿ. ಇನ್ನೊಬ್ಬನ ಚರ್ಮ ಸುಲಿಸಿ ನನ್ನನ್ನು ಉಳಿಸಿದ್ದಕ್ಕೆ ವಂದನೆ, ಅಂತಲಾ, ನಾನು ಕೂಗಿದೆ, ನೀನು ಕೇಳಿಸಿಕೊಂಡೆ, ಕೇಳಿಸಿಕೊಂಡು ಅವನ ಅಂಗೈಯನ್ನು ಕಳಿಸಿದೆ, ಹಾಗಾದರೆ ನಾನು ಕೂಗಿದ್ದು ಸರಿಯಾ, ಕೂಗದೆ ಕಂಬಿ ಹಿಡಿದಿದ್ದರೆ ಅವನ ಕೈ ಉಳಿಯುತ್ತಿತ್ತಲ್ಲ, ಉಪಕಾರ ಮರೆತವನಲ್ಲ ನಾನು, ಉಸಿರು ಆಡುತ್ತಿದೆ, ಇವಳ ಕೈ ಬೆಚ್ಚಗಿದೆ, ಮಗಳು ಮೇಜಿನ ಕೆಳಗೆ ಕಾಲು ಅಲ್ಲಾಡಿಸುತ್ತಿದ್ದಾಳೆ, ಇದೆಲ್ಲ ನನಗೆ ಇನ್ನೊಂದು ಸಲ ಸಿಕ್ಕಿದ್ದು, ಕೃತಜ್ಞತೆ ಇಲ್ಲದೆ ಇಲ್ಲ, ಗಂಟಲವರೆಗೆ ಇದೆ, ಆದರೆ ಬಾಯಿ ತೆರೆದರೆ ಕರ್ತನೇ ಅನ್ನಬೇಕು, ಅಂದರೆ ಕಣ್ಣು ಮುಚ್ಚುತ್ತದೆ, ಮುಚ್ಚಿದರೆ ಬೀಳುತ್ತೇನೆ, ಇನ್ನು ಮುಂದೆ ಪ್ರಾರ್ಥನೆ ಅಂದರೆ ಬೀಳುವುದೇ ಆಗಿಬಿಟ್ಟರೆ, ಬದುಕಿದೆ ಆದರೆ ನಿನ್ನನ್ನು ಕರೆಯಲಾರೆ ಅಂತಾದರೆ, ಅದು ಎಂಥ ಬದುಕು — ಅಜ್ಜೀ, ಅಪ್ಪ ಕಣ್ಣೇ ಮುಚ್ಚಿಲ್ಲ. ಮಗಳು, ಪಿಟಿಪಿಟಿ, ಬಾಯಿಗೆ ಬೀಗ ಇಲ್ಲ. ನೀನು ಮುಚ್ಚಿದ್ರೆ ನಿನಗೆ ಹೇಗೆ ಗೊತ್ತಾಗ್ತಿತ್ತು, ಅಂತ ಅಮ್ಮ, ಕಣ್ಣು ತೆರೆಯದೆಯೇ. ಮೊಂಡನೂ ಮುಚ್ಚಿಲ್ಲಜ್ಜೀ. ಮಾವ ಅನ್ನು, ಅಂತ ಇವಳು ಗದರುತ್ತಾಳೆ. ಹೌದು, ಮೊಂಡ ಮುಚ್ಚಿಲ್ಲ, ನನ್ನನ್ನೇ ನೋಡುತ್ತಿದ್ದಾನೆ, ಅವತ್ತೂ ಹೀಗೇ ನೋಡಿದ್ದ, ನಗುತ್ತಿಲ್ಲ, ಈಗ ಹೇಳಿಬಿಡುತ್ತಾನಾ, ನಿಮ್ಮ ಮಗ ಕೈ ಮುಗಿದುಕೊಂಡು ಬಿದ್ದ ಕಣಮ್ಮ ಅಂತ, ಹೇಳಲಿ, ಬೇಡ, ಹೇಳಬೇಡ, ಅವನ ಬೆರಳು ಒಂದಿಷ್ಟು ಮಡಚಿ ಮತ್ತೆ ತೆರೆಯಿತು, ಬ್ಯಾಂಡೇಜಿನ ಗೆರೆ ಇನ್ನಷ್ಟು ಒದ್ದೆಯಾಯಿತು.

ಹಿಡಿದೆ. ಅಂಗೈಯನ್ನಲ್ಲ, ಬೆರಳ ತುದಿಗಳನ್ನು, ಅವನ ಮುಖ ಕಿವುಚಿಕೊಂಡಿತು, ಬಿಡಿಸಿಕೊಳ್ಳಲಿಲ್ಲ. ನನ್ನ ಕೈ ನಡುಗುವುದು ಅವನ ಕೈಗೆ ಹೋಗುತ್ತಿದೆ, ಎಡಗಡೆ ಇವಳಿಗೂ ಹೋಗುತ್ತಿದೆ, ಇವಳಿಂದ ಅಮ್ಮನಿಗೆ, ಅಮ್ಮನಿಂದ ಪಿಟಿಪಿಟಿಗೆ, ಮೇಜಿನ ಸುತ್ತ ನನ್ನ ನಡುಕವೇ ತಿರುಗುತ್ತಿದೆ, ಇನ್ನು ಏನು ಮುಚ್ಚಿಡಲಿ. ಕರ್ತನೇ, ಅಂದೆ, ಕಣ್ಣು ಬಿಟ್ಟುಕೊಂಡೇ ಅಂದೆ, ಅಪ್ಪನ ದನಿಯಲ್ಲ, ನನ್ನದು, ಸೀಳಿದ್ದು, ನನಗೆ ಹೆದರಿಕೆ ಆಗ್ತಿದೆ, ಅವತ್ತು ನಾನು ಕಂಬಿ ಬಿಟ್ಟು ಕೈ ಮುಗಿದೆ, ನಾಳೆನೂ ಹಾಗೇ ಮಾಡ್ತೀನೇನೋ ಅಂತ ಹೆದರಿಕೆ, ಇವನು ಹಗ್ಗ ಬಿಡಲಿಲ್ಲ, ಇವನಿಗೋಸ್ಕರ ಸ್ತೋತ್ರ. ಯಾರೂ ಆಮೆನ್ ಅನ್ನಲಿಲ್ಲ. ಅಮ್ಮನ ಕನ್ನಡಕದ ಮಂಜು ಹಿಡಿಯದ ಗಾಜಿನ ಹಿಂದೆ ಕಣ್ಣು ತೆರೆದುಕೊಂಡಿತು, ಇಷ್ಟು ವರ್ಷದಲ್ಲಿ ಪ್ರಾರ್ಥನೆಯ ನಡುವೆ ಆ ಕಣ್ಣು ತೆರೆದದ್ದು ನಾನು ನೋಡಿಲ್ಲ, ಬೈಯುತ್ತಾಳಾ, ಬೈಯಲಿಲ್ಲ, ನಾನೇ ಕಲಿಸಿದ್ದಲ್ವಾ ಮಗನೇ, ಅಂದಳು, ನನಗಲ್ಲ, ತನ್ನ ಬಟ್ಟಲಿಗೆ. ಇವಳು ನನ್ನ ಎಡಗೈಯನ್ನು ಮೂಳೆ ನೋಯುವಷ್ಟು ಒತ್ತಿದಳು. ಮೊಂಡ ಹತ್ತಿರ ಬಗ್ಗಿದ, ಸಿಗರೇಟಿನ ವಾಸನೆ, ಮುಚ್ಕೊಳ್ಳೋ, ನಾನು ಬಿಟ್ಕೊಂಡಿರ್ತೀನಿ. ಏನು, ಅಂದೆ. ಕಣ್ಣು, ನೀನು ಮುಚ್ಚು, ನಿನ್ನ ದೇವರ ಹತ್ರ ಏನು ಹೇಳ್ಕೋಬೇಕೋ ಹೇಳ್ಕೋ, ಬೀಳೋ ಹಾಗೆ ಕಂಡ್ರೆ ಹೇಳ್ತೀನಿ.

ಮುಚ್ಚಿದೆ. ಕುರ್ಚಿ ಬಾಗಿತು, ಗೊತ್ತಿತ್ತು ಬಾಗುತ್ತದೆ ಅಂತ, ನೆಲ ಹೋಯಿತು, ಗಾಜು ಗಾಜು ಗಾಜು ಮೇಲಕ್ಕೆ ಓಡುತ್ತಿದೆ, ಕರ್ತನೇ, ಕೈ ಕೂಡಿಸಬೇಕು ಅನ್ನಿಸುತ್ತದೆ, ಕೂಡಿಸಲಾರೆ, ಎರಡೂ ಕೈ ಯಾರದೋ ಕೈಯಲ್ಲಿವೆ, ಬೀಳುತ್ತಿದ್ದೇನೆ, ಇನ್ನೂ ಬೀಳುತ್ತಿದ್ದೇನೆ, ಬಾಯಲ್ಲಿ ಸ್ತೋತ್ರ ಸ್ತೋತ್ರ ಅಂತ ಬರುತ್ತಿದೆ, ಧೈರ್ಯಕ್ಕಲ್ಲ, ಭಯಕ್ಕೇ ಬರುತ್ತಿದೆ, ಮೇಲೆ ನೋಡುತ್ತೇನೆ, ಮೊನ್ನೆ ನೋಡಲಾಗದ್ದನ್ನು ಈಗ ನೋಡುತ್ತೇನೆ, ತೊಟ್ಟಿಲ ಅಂಚಿನಲ್ಲಿ ಒಂದು ಮುಷ್ಟಿ, ಹಗ್ಗ ಅದರೊಳಗೆ ಓಡುತ್ತಿದೆ, ಹೊಗೆಯಾಡುತ್ತ ಓಡುತ್ತಿದೆ, ಕೆಂಪಗೆ, ಮುಷ್ಟಿ ಬಿಗಿಯುತ್ತಿದೆ, ಹಗ್ಗ ಓಡುತ್ತಿದೆ, ಮುಷ್ಟಿ ಬಿಗಿಯುತ್ತಿದೆ, ಮುಷ್ಟಿ ಬಿಡುತ್ತಿಲ್ಲ —