ಸಣ್ಣಗ ಸೀಳಿದ ಜಾಲಿ ಕಟ್ಟಿಗಿ

ಕೆಂಭಾವಿಯೊಳಗ ನನ್ನ ಮನಿಗೂ ಲಾಲಮ್ಮನ ಮನಿಗೂ ನಡುವ ಒಂದ ಗ್ವಾಡಿ. ಹದಿನೆಂಟು ವರ್ಷ ಆ ಗ್ವಾಡಿ ಮ್ಯಾಲಿಂದ ಜಗಳಾಡೀವಿ. ಈಗ ಜಗಳಾಡಾಕ ಒಬ್ಬರಿಲ್ಲ ನನಗ. ಗಂಡ ಸತ್ತಾಗೂ ಮನಿ ಇಷ್ಟು ಭಣಭಣ ಅಂದಿರಲಿಲ್ಲ, ಸುಳ್ಳ್ಯಾಕ ಹೇಳ್ಲಿ.

ಆ ವರ್ಷ ಬ್ಯಾಸಗಿ ಕಡಿಕ್ಯಾಗ ಆಕಿ ಗಂಡ ಫಕ್ರುದ್ದೀನ ಎರಡು ಬಂಡಿ ಜಾಲಿ ಕಡಿದು ತಂದ. ಮಗಳು ಬಸುರಿ, ಚಳಿಗಾಲದಾಗ, ಎಳ್ಳಮವಾಸಿ ಹೊತ್ತಿಗೆ ದಿನ ತುಂಬತಾವ. ಬಾಣಂತಿ ಕೋಣ್ಯಾಗ ಬೆಂಕಿ ಆರಬಾರದಲ್ಲ! ದಪ್ಪ ಕೊರಡು ತಮ್ಮ ಅಂಗಳದಾಗ ಒಟ್ಟಿದ. ಹೆಬ್ಬೆರಳ ದಪ್ಪಕ್ಕ ಸೀಳಿದ್ದನ್ನ ಮಾತ್ರ ನನ್ನ ಕಡಿ ಗ್ವಾಡಿಗೆ ಹಚ್ಚಿ ಒಟ್ಟಿದ.

"ಬುದ್ಧಿ ಎಲ್ಲಿಟ್ಟೀಯಪಾ?" ಅಂದೆ. "ಇಷ್ಟು ಸಣ್ಣಗ ಸೀಳಿದ್ರ ಗಳಿಗ್ಯಾಗ ಬೂದಿ ಆಗ್ತಾವ. ಬಾಣಂತಿಗೆ ಕೆಂಡ ನಿಂದ್ರಬ್ಯಾಡೇನು?"

ಆತ ನಕ್ಕ. ಲಾಲಮ್ಮ ಒಳಗಿಂದ, "ಚಳಿ ಬರ್ಲಿ ತಡಿ ಅಕ್ಕಾ, ತಿಳೀತದ" ಅಂದ್ಲು.

"ನನ್ನ ಗ್ವಾಡಿಗೆ ಗೆದ್ದಲು ಹತ್ತಲಿ, ಆಮ್ಯಾಲ ನೋಡ್ತೀನಿ ನಿನ್ನ" ಅಂತ ಬೈದೆ.

ಚಳಿ ಬರೋದ್ರೊಳಗ ಫೌಜು ಬಂತು. ನಿಜಾಮನ ರಾಜ್ಯ ಮುಗೀತಂದ್ರು. ಫಕ್ರುದ್ದೀನ ಯಾರ ತಂಟಿಗೂ ಹೋದಾವಲ್ಲ, ಆದ್ರೂ ನಿಜಾಮನ ಕಡಿಯಾವ ಅಂತ ಊರಾಗ ಗುಸುಗುಸು ಹತ್ತಿತು. ಒಂದಿನ ನಾ ಹೊಲದಿಂದ ಬರೋದ್ರೊಳಗ ಅವರ ಬಾಗಲಿಗೆ ಚಿಲಕ. ಕಲಬುರ್ಗಿ ಕಡಿ ಹೋದ್ರಂತ.

ಕಟ್ಟಿಗಿ ಕಾಯೂದು ನನ್ನ ಪಾಲಿಗೆ ಬಂತು. ಬಾಣಂತಿಗಂತ ಒಟ್ಟಿದ್ದನ್ನ ಬ್ಯಾರೆ ಒಲಿಗೆ ಹಚ್ಚಬಾರದು ಅಂತ ನಮ್ಮವ್ವ ಹೇಳ್ತಿದ್ಲು. ಹುಡುಗಿ ದಿನ ತುಂಬಿ ಬಂದ್ರ ಏನ ಹಚ್ಚೋದು? ಮಂದಿ ಹಾಡಹಗಲ ಕೈ ಹಾಕಾಕ ಬಂದ್ರು, ಬೈದು ಓಡ್ಸಿದೆ. ನನ್ನ ಬಲಗೈ ಮುರದು ಕೂಡಿಸಿದ್ದು, ಕೊಡ್ಲಿ ಎತ್ತಾಕ ಬರಂಗಿಲ್ಲ. ಆರಿಸಿ ತಂದ ತೊಗರಿ ಕಡ್ಡಿ, ನಾಕು ಕುಳ್ಳು, ಅಷ್ಟ ನನ್ನ ಒಲಿ. ಅಕಾಲ ಮಳಿ ಬಂದಾಗ ನನ್ನ ಕೌದಿ ಕಟ್ಟಿಗಿ ಮ್ಯಾಲ ಹೊಚ್ಚಿ, ನಾ ನಡುಗಿಕೋತ ಕುಂತೆ.

ಹಿಂದಿನ ಮನಿ ಮಲ್ಲಣ್ಣ ನೋಡಿ, "ಅವ್ರೆಲ್ಲಿ ಬರ್ತಾರಬೇ? ಒಲಿಗೆ ಹಚ್ಚು, ಸೆಟದು ಸಾಯ್ತಿ" ಅಂದ.

"ನಿನ್ನ ಬಾಯಾಗ ಮಣ್ಣ ಹಾಕ್ಲಿ!" ಅಂದೆ.

ಎಳ್ಳಮವಾಸಿ ಆತು. ಯಾರೂ ಬರಲಿಲ್ಲ. ಆಮ್ಯಾಲ ಮಲ್ಲಣ್ಣ ಶೇಂಗಾ ಮಾರಾಕ ಕಲಬುರ್ಗಿಗೆ ಹೋಗಿ ಬಂದವ, ಸೀದಾ ನನ್ನ ಬಾಗಲಿಗೆ ಬಂದ.

"ಲಾಲಮ್ಮ ಸಿಕ್ಕಿದ್ಲು. ಮಗಳು ಹಡದಾಳ, ಕೂಸು ಬಾಣಂತಿ ಚಲೋ ಅದಾರ. ಇನ್ನ ಈ ಕಡಿ ಬರಂಗಿಲ್ಲಂತ." ಆತ ಕಟ್ಟಿಗಿ ಕಡಿ ನೋಡಿ ಹೇಳಿದ, "ಅಕ್ಕ ಬೆಚ್ಚಗ ಅದಾಳಿಲ್ಲೋ ಅಂತ ಕೇಳಿದ್ಲು. ಆ ಸಣ್ಣ ಕಟ್ಟಿಗಿ ನಿನಗಂತ ಸೀಳಿಸಿದ್ದಂತಬೇ. ನಿನ್ನ ಕೈಲೆ ಕೊಡ್ಲಿ ಆಗಂಗಿಲ್ಲಲ್ಲ, ಅದಕ್ಕ. ಮೊದಲ ಹೇಳಿದ್ರ ನೀ ಒಲ್ಲೆ ಅಂತಿದ್ದೆಂತ."

ಅಯ್ಯ ನನ್ನವ್ವ! ಇಡೀ ಚಳಿಗಾಲ ನನ್ನ ಕಟ್ಟಿಗಿ ನಾನ ಕಾದು, ನಾನ ನಡುಗಿದೆ. ಮಲ್ಲಣ್ಣನ ಮುಂದ ನಾಚಿಕಿಲ್ದ ಅತ್ತೆ.

ಸಂಜಿಗೆ ನಾಕು ಸೀಳು ತಂದು ಹಚ್ಚಿದೆ. ಮನಿ ಬೆಚ್ಚಗಾತು. ಆದ್ರ ನಾ ಹೇಳಿದಂಗ ಗಳಿಗ್ಯಾಗ ಉರದು ಬೂದಿ ಆದವು.

"ನೋಡಿದೇನ ಲಾಲಮ್ಮ, ನಂದ ಖರೆ ಆತು!" ಅಂತ ಗ್ವಾಡಿ ಕಡಿ ಒದರಿದೆ.

ಆಮ್ಯಾಲ ಮತ್ತ ನಾಕು ಸೀಳು ತರಾಕ ಎದ್ದೆ.