ಲಿಟೊ ಬರ್ರೇರಾನಿಗೆ ಮೈಸೂರು ಪೇಟ

ಎಣ್ಣೆಯ ಬೆಲೆ ನೆಲಕಚ್ಚಿದ ವರ್ಷ ಮಸ್ಕತ್ತಿನ ನಮ್ಮವರಲ್ಲಿ ಕೆಲಸ ಕಳೆದುಕೊಂಡವರಿಗೆ ಲೆಕ್ಕವಿರಲಿಲ್ಲ. ಆದರೆ ಶಾಲು ಹೊದಿಸಿಕೊಳ್ಳದೆ ಊರಿಗೆ ಮರಳಿದವರು ಒಬ್ಬರೂ ಇಲ್ಲ. ಹೊರಟವನಿಗೆ ಹೊರಟದ್ದಕ್ಕೆ ಸನ್ಮಾನ, ಉಳಿದವನಿಗೆ ಉಳಿದದ್ದಕ್ಕೆ ಸನ್ಮಾನ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಬೇಕೆನ್ನುವ ಜನ ನಾವು. ಸಮುದ್ರ ದಾಟಿದ ಮೇಲೆ ಹೂವಿನ ಜತೆ ಹಣ್ಣಿನ ಬುಟ್ಟಿಯೂ ಬೇಕಾಯಿತು, ಅಷ್ಟೇ.

ಈ ಸನ್ಮಾನಗಳಿಗೆಲ್ಲ ವೇದಿಕೆ ಕಟ್ಟಿಸುತ್ತಿದ್ದವನು ಮೂಲ್ಕಿಯ ಪ್ರೇಮನಾಥ. ಖಲ್ಫಾನ್ ಎಂಬ ಒಮಾನಿಯ ಕಂಪೆನಿಯಲ್ಲಿ ಮ್ಯಾನೇಜರ್. ಕುರ್ಚಿ, ಮೈಕು, ಲೈಟು, ಬ್ಯಾನರು, ಯಾವುದಕ್ಕೂ ಅವನೇ ಗತಿ. ಆ ವರ್ಷ ಕಾರ್ಯಕ್ರಮಗಳಿಗೆ ಕೈ ಬಿಚ್ಚುವವರೇ ಇಲ್ಲವಾದರು. ಅವನ ವೀಸಾದ ಅವಧಿ ಮುಗಿಯುತ್ತ ಬಂದಿತ್ತು. ಮಗಳು ತೃಪ್ತಿ ಇಂಡಿಯನ್ ಸ್ಕೂಲಿನಲ್ಲಿ ಹನ್ನೆರಡನೆಯ ಕ್ಲಾಸು, ನಡುವೆ ಕಿತ್ತುಕೊಂಡು ಹೋಗುವ ಹಾಗಿಲ್ಲ. ಅಂಥ ಹೊತ್ತಿಗೆ ಖಲ್ಫಾನ್ ಎಲ್ಲಿಂದಲೋ ಲಿಟೊ ಬರ್ರೇರಾನನ್ನು ಹಿಡಿದು ತಂದ.

ಲಿಟೊ ಪೋರ್ಟೊ ರಿಕೊದವನು. ರೆಗ್ಗೆಟಾನ್ ಎಂಬ, ಸೊಂಟವನ್ನು ಸುಮ್ಮನಿರಗೊಡದ ಸ್ಪ್ಯಾನಿಷ್ ಹಾಡಿನ ದೊಡ್ಡ ಹೆಸರು. ಅವನ ಪ್ರಪಂಚ ಪ್ರವಾಸದಲ್ಲಿ ದುಬೈಗೂ ಬಹರೈನಿಗೂ ನಡುವೆ ಒಂದು ಸಂಜೆ ಖಾಲಿ ಬಿದ್ದಿತ್ತು, ಅದು ಮಸ್ಕತ್ತಿಗೆ ಸಿಕ್ಕಿತು. ತೃಪ್ತಿ ಮತ್ತು ಅವಳ ಗೆಳತಿಯರಿಗೆ ಅವನ ಹಾಡುಗಳೆಲ್ಲ ಬಾಯಿಪಾಠ, ಅರ್ಥ ಮಾತ್ರ ಒಂದು ಪದದ್ದೂ ಗೊತ್ತಿಲ್ಲ. ಪ್ರೇಮನಾಥ ಒಂದು ಹಾಡನ್ನು ಪೂರ್ತಿ ಕೇಳಿ ಹೆಂಡತಿ ಲೋಲಾಕ್ಷಿಗೆ ಹೇಳಿದ, "ಒಂದೇ ಸಾಲನ್ನು ಎಷ್ಟು ಸರ್ತಿ ಹೇಳ್ತಾನೆ ಮಾರಾಯ್ತಿ. ನಮ್ಮ ಭಜನೆ ಮಂಡಳಿಗೆ ಸೇರಿಸ್ಬಹುದು."

ಖಲ್ಫಾನ್ ತನ್ನ ಮುರುಕು ಹಿಂದಿಯಲ್ಲಿ ವಿಷಯವನ್ನು ಸ್ಪಷ್ಟ ಮಾಡಿದ. "ಪ್ರೇಮ್, ಇದು ಗೆದ್ದರೆ ನಿನ್ನ ವೀಸಾ ರಿನ್ಯೂ. ಸೋತರೆ ಖಲಾಸ್, ಆಫೀಸು ಮುಚ್ಚುತ್ತೇನೆ."

ಪ್ರೇಮನಾಥ ಪ್ರಾಯೋಜಕರಿಗಾಗಿ ಊರೂರು ಸುತ್ತಿದ. ಎಲ್ಲರೂ ಚಹಾ ಕೊಟ್ಟರು, ಚೆಕ್ ಕೊಡಲಿಲ್ಲ. ಕೊನೆಗೆ ದೊಡ್ಡ ಕಂಟ್ರಾಕ್ಟ್ ಕಂಪೆನಿಯೊಂದರ ಜನರಲ್ ಮ್ಯಾನೇಜರ್, ನಮ್ಮ ಕನ್ನಡ ಸಂಘದ ಆಜೀವ ಅಧ್ಯಕ್ಷ, ಮೈಸೂರಿನ ಹೊನ್ನಪ್ಪನವರ ಮುಂದೆ ಕೂತ.

"ಕೊಡೋಣ ಸ್ವಾಮಿ," ಎಂದರು ಹೊನ್ನಪ್ಪ. "ಆದ್ರೆ ಕೆಳಗ್ ಕೂತ್ಕೊಂಡು ಚಪ್ಪಾಳೆ ಹೊಡಿಯೋಕೆ ನಾವೇ ಯಾಕ್ ಬೇಕು? ಸ್ಟೇಜ್ ಮೇಲೆ ಒಂದು ಕುರ್ಚಿ ಇರತ್ತಾ?"

ಪ್ರೇಮನಾಥನಿಗೆ ಜ್ಞಾನೋದಯವಾದದ್ದು ಆಗಲೇ. ಅಂದಿನಿಂದ ಅವನು ಮಾರಿದ್ದು ಲಿಟೊನ ಹಾಡನ್ನಲ್ಲ, ಲಿಟೊನ ಪಕ್ಕದ ಕುರ್ಚಿಯನ್ನು. ಕುರ್ಚಿಯ ಜತೆ ಒಂದು ಶಾಲು, ಒಂದು ಸ್ಮರಣಿಕೆ, ಮೈಕಿನಲ್ಲಿ 'ಎರಡು ಮಾತು'. ನಿಜ್ವಾ ಪಟ್ಟಣದ ದಂತವೈದ್ಯರು ಬಂದರು, ಸೂರ್‌ನ ಗ್ಯಾಸ್ ಪ್ಲಾಂಟಿನ ಸಾಹೇಬರು ಬಂದರು, ಚಿನ್ನದ ಅಂಗಡಿಯ ಅಣ್ಣತಮ್ಮಂದಿರಿಬ್ಬರೂ ಬಂದರು. ಕುರ್ಚಿಗಳು ಎರಡು ಸಾಲಾದವು. ಖಲ್ಫಾನ್ ಅವನ ಬೆನ್ನು ತಟ್ಟಿದ.

ಲಿಟೊಗಿಂತ ಮೊದಲು ಬಂದಿಳಿದದ್ದು ಅವನ ಟೂರ್ ಮ್ಯಾನೇಜರ್ ಲೂರ್ಡ್ಸ್ ಎಂಬಾಕೆ. ಹೆಸರು ಕೇಳಿ ಮಂಗಳೂರಿನ ಕ್ರೈಸ್ತರ ಮನೆಯವಳೇ ಎಂದುಕೊಂಡ ಪ್ರೇಮನಾಥ ಏರ್‌ಪೋರ್ಟಿನಲ್ಲೇ ಕೊಂಕಣಿ ಶುರುಮಾಡಿದ. ಆಕೆ ಮುಗುಳ್ನಗಲೂ ಇಲ್ಲ. ಇಂಗ್ಲಿಷಿನಲ್ಲಿ, ಮಗುವಿಗೆ ಹೇಳುವಂತೆ ನಿಧಾನವಾಗಿ ಹೇಳಿದಳು: ವೇದಿಕೆಗೆ ಕಾಲಿಟ್ಟ ಕ್ಷಣದಿಂದ ಒಂದು ಗಂಟೆ, ಆಮೇಲೆ ನೇರ ಬಹರೈನಿನ ವಿಮಾನ. ಪ್ರೇಮನಾಥ ತಲೆಯಾಡಿಸಿದ. ಒಂದು ಗಂಟೆಯೆಂದರೆ ಹಾಡಿನ ಒಂದು ಗಂಟೆ. ಸಭಾ ಕಾರ್ಯಕ್ರಮವನ್ನು ಯಾರಾದರೂ ಗಂಟೆಗೆ ಸೇರಿಸುತ್ತಾರೆಯೇ? ನಮ್ಮಲ್ಲಿ ಅದು ಊಟಕ್ಕೆ ಮೊದಲು ಕೈ ತೊಳೆದ ಹಾಗೆ.

ಸಂಜೆ ಕಡಲ ತಡಿಯ ಬಯಲಲ್ಲಿ ಜನವೋ ಜನ. ಒಮಾನಿ ಹುಡುಗರು, ಫಿಲಿಪಿನೊ ನರ್ಸುಗಳು, ಲೆಬನಾನಿನವರು, ಇಂಡಿಯನ್ ಸ್ಕೂಲಿನ ಮಕ್ಕಳು. ನಿರೂಪಕಿ ಆಶಿತಾ ಲಿಟೊನನ್ನು ವೇದಿಕೆಗೆ ಕರೆದಾಗ ಎದ್ದ ಕೂಗು ಕೇಳಿ ಪ್ರೇಮನಾಥನ ಕಣ್ಣು ತುಂಬಿತು. ವೀಸಾ ಸಿಕ್ಕಿತೆಂದೇ ಅವನಿಗೆ ಅನಿಸಿತು. ಲಿಟೊ ಸೊಂಟ ತಿರುಗಿಸಿಕೊಂಡೇ ಬಂದ. ಹೊನ್ನಪ್ಪ ಅವನ ತೋಳು ಹಿಡಿದು ನಡುವಿನ ಕುರ್ಚಿಯಲ್ಲಿ ಕೂರಿಸಿದರು. ಲೂರ್ಡ್ಸ್ ಕೈಗಡಿಯಾರ ನೋಡಿಕೊಂಡಳು.

ಮೊದಲು ಪ್ರಾರ್ಥನೆ. ಆಮೇಲೆ ದೀಪ. ಕಡಲ ಗಾಳಿಗೆ ದೀಪ ನಿಲ್ಲಲಿಲ್ಲ. ಒಬ್ಬರು ಹಚ್ಚಿದ ಬತ್ತಿ ಇನ್ನೊಬ್ಬರು ಹಚ್ಚುವಷ್ಟರಲ್ಲಿ ಆರಿತು. ಗಣ್ಯರೆಲ್ಲ ಸುತ್ತ ಕೋಟೆ ಕಟ್ಟಿ ನಿಂತರು, ಲಿಟೊ ತನ್ನ ಟೋಪಿ ಅಡ್ಡ ಹಿಡಿದ. ಜನ ಇದೂ ಆಟದ ಭಾಗವೆಂದುಕೊಂಡು ಚಪ್ಪಾಳೆ ತಟ್ಟಿದರು. ಆಮೇಲೆ ಸ್ವಾಗತ, ಪ್ರಾಸ್ತಾವಿಕ, ದಂತವೈದ್ಯರ ಎರಡು ಮಾತು. ಅವರು ಹಲ್ಲಿಗೂ ಹಾಡಿಗೂ ಇರುವ ಸಂಬಂಧವನ್ನು ವಿವರಿಸಿದರು. ಚಿನ್ನದ ಅಂಗಡಿಯ ಅಣ್ಣ ಹೇಳಿದ್ದನ್ನೇ ತಮ್ಮನೂ ಹೇಳಿದ.

ಲೂರ್ಡ್ಸ್ ಪರದೆಯ ಮರೆಗೆ ಬಂದು ಪ್ರೇಮನಾಥನ ಮುಖದ ಮುಂದೆ ಗಡಿಯಾರ ಹಿಡಿದಳು. ಅವಳ ಗಂಟೆ ಲಿಟೊ ಕಾಲಿಟ್ಟಾಗಲೇ ಶುರುವಾಗಿತ್ತೆಂದು ಅವನಿಗೆ ಹೊಳೆದದ್ದು ಆಗ. ಹೊನ್ನಪ್ಪನವರ ಅಧ್ಯಕ್ಷ ಭಾಷಣ ಆಗಷ್ಟೇ ಏರುತ್ತಿತ್ತು. ಅವನು ಓಡಿಹೋಗಿ ಚೀಟಿ ಕೊಟ್ಟ.

"ಸಮಯದ ಅಭಾವ ಇದೆ ಅಂತ ಚೀಟಿ ಬಂದಿದೆ," ಎಂದು ಹೊನ್ನಪ್ಪ ಮೈಕಿನಲ್ಲೇ ಓದಿದರು. "ನಿಜ. ಸಮಯ ಅನ್ನೋದೇ ಹಾಗೆ. ಸಮಯದ ಬಗ್ಗೆ ನಮ್ಮ ಹಿರಿಯರು ಏನು ಹೇಳಿದ್ದಾರೆ..." ಎಂದು ಹಿರಿಯರು ಹೇಳಿದ್ದನ್ನೆಲ್ಲ ಹೇಳಿದರು.

ಕೊನೆಗೆ ಸನ್ಮಾನ. ಲಿಟೊನಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ, ಮೈಸೂರು ಪೇಟ. ಪೇಟ ಅವನಿಗೆ ಬಹಳ ಒಪ್ಪಿತು, ಅದನ್ನು ಹೇಳಲೇಬೇಕು. ಅದನ್ನು ತೊಟ್ಟೇ ಮೈಕು ಹಿಡಿದ. ಬಯಲು ಉಕ್ಕಿತು. ತೃಪ್ತಿ ಗೆಳತಿಯ ಹೆಗಲು ಹಿಡಿದು ಕುಣಿದಳು. ಅರ್ಧ ಹಾಡಾಗುವಷ್ಟರಲ್ಲಿ ಲೂರ್ಡ್ಸ್ ಕೈಯೆತ್ತಿದಳು, ಸಂಗೀತ ನಿಂತಿತು. ಲಿಟೊ ಗಣ್ಯರಿಗೆಲ್ಲ ಕೈಮುಗಿದು ಕಾರು ಹತ್ತಿದ. ಜನ ಸಿಳ್ಳೆ ಹಾಕಿದರು, ಬೈದರು, ನೀರಿನ ಬಾಟಲಿ ಎಸೆದರು. ಆಶಿತಾ ಧೈರ್ಯಗೆಡದೆ ವಂದನಾರ್ಪಣೆ ಮಾಡಿದಳು.

"ಒಂದು ಅಚ್ಚುಕಟ್ಟಾದ ಕಾರ್ಯಕ್ರಮ," ಎಂದು ಹೊನ್ನಪ್ಪ ಫೋಟೊಗೆ ನಿಂತರು. "ಹುಡುಗ ಸ್ವಲ್ಪ ಅವಸರ ಮಾಡ್ದ ಅಷ್ಟೇ."

ಮರುದಿನ ಖಲ್ಫಾನ್ ಕೂಗಾಡಲಿಲ್ಲ. "ಹಬೀಬಿ, ನಾನು ಹಾಡುವವನನ್ನು ತಂದುಕೊಟ್ಟೆ. ನೀನು ಅವನನ್ನು ಕೂರಿಸಿ ಅಧ್ಯಕ್ಷನನ್ನಾಗಿ ಮಾಡಿದೆ," ಎಂದ. ಬಹರೈನಿನಲ್ಲಿ ಲಿಟೊ ಪೇಟ ತೊಟ್ಟು ಮನಸಾರೆ ಹಾಡಿದ ವಿಡಿಯೊವನ್ನು ತೃಪ್ತಿ ಅಪ್ಪನಿಗೆ ತೋರಿಸಿದಳು.

ಆಫೀಸು ಮುಚ್ಚಿತು. ಸಂಘ ಸುಮ್ಮನಿದ್ದೀತೇ? ಪ್ರೇಮನಾಥನಿಗೆ ರೂವಿಯ ಹೋಟೆಲೊಂದರ ಸಭಾಂಗಣದಲ್ಲಿ ಬೀಳ್ಕೊಡುಗೆ ಇಟ್ಟಿತು.

ಹೊರಡುವ ಮುಂಚೆ ಲೋಲಾಕ್ಷಿ ಅವನ ಕಾಲರ್ ಸರಿಮಾಡುತ್ತ ಹೇಳಿದಳು, "ಕೆಲಸ ಕೊಡುವಂಥವರು ಎಲ್ಲ ಅಲ್ಲೇ ಇರ್ತಾರೆ. ಮೈಕು ಕೈಗೆ ಬಂದ ಕೂಡ್ಲೇ ಕೇಳಿ. ಎಂತ ಕೆಲಸ ಆದ್ರೂ ಅಡ್ಡಿಲ್ಲ ಹೇಳಿ. ನಾಚಿಕೆ ಮಾಡ್ಬೇಡಿ."

ಅವನು ದಾರಿಯುದ್ದಕ್ಕೂ ಆ ಮಾತನ್ನೇ ಬಾಯಿಪಾಠ ಮಾಡಿದ. ಸನ್ಮಾನಿತನ ಮಾತು ನಮ್ಮಲ್ಲಿ ಯಾವಾಗಲೂ ಕೊನೆಗೆ. ದಂತವೈದ್ಯರು ಮಾತಾಡಿದರು, ಅಣ್ಣತಮ್ಮಂದಿರು ಮಾತಾಡಿದರು. ಇಂಥ ವ್ಯವಸ್ಥಾಪಕ ಇನ್ನೊಬ್ಬ ಹುಟ್ಟಿಲ್ಲವೆಂದು ಹೊನ್ನಪ್ಪ ಗದ್ಗದಿತರಾದರು. ಒಬ್ಬರಾದರೂ ಅವನನ್ನು ಇಟ್ಟುಕೊಳ್ಳುತ್ತೇನೆ ಎನ್ನಲಿಲ್ಲ. ಕೊನೆಗೂ ಮೈಕು ಅವನ ಕೈಗೆ ಬಂತು. "ಎಲ್ಲರಿಗೂ ನಮಸ್ಕಾರ," ಎಂದ. ಅಷ್ಟರಲ್ಲಿ ಊಟದ ಪಾತ್ರೆಗಳ ಮುಚ್ಚಳ ತೆರೆದರು. ಕೋರಿ ರೊಟ್ಟಿಯ ಪರಿಮಳಕ್ಕೆ ಸಭೆ ಎದ್ದು ಸಾಲು ನಿಂತಿತು. ಹೋಟೆಲಿನವನು ಹೊತ್ತು ಮೀರಿತೆಂದು ಮೈಕು ಆರಿಸಿದ.

ಹೊನ್ನಪ್ಪ ತಟ್ಟೆ ಹಿಡಿದು ಹತ್ತಿರ ಬಂದರು. ಗೌರವದಿಂದಲೇ ದನಿ ತಗ್ಗಿಸಿದರು.

"ಟೈಮಿಂಗ್ ಸ್ವಲ್ಪ ಹೆಚ್ಚುಕಮ್ಮಿ ಆಯ್ತು ಕಣ್ರೀ. ನೀವು ವಹಿಸ್ಕೊಂಡಿದ್ರೆ ಹೀಗಾಗ್ತಿರ್ಲಿಲ್ಲ."

"ಹೌದು," ಎಂದ ಪ್ರೇಮನಾಥ. ಹೆಗಲ ಮೇಲಿನ ಶಾಲು ಜಾರದಂತೆ ಗಲ್ಲದಲ್ಲಿ ಒತ್ತಿಹಿಡಿದು, ಅಭ್ಯಾಸಬಲದಿಂದ ಮೈಕಿನ ವೈರನ್ನು ಸುತ್ತತೊಡಗಿದ.